ಆಟದ ಹೊಲ

ನಮಗೆ ಹೊಲವಿಲ್ಲ, ಗದ್ದೆಯಿಲ್ಲ; ಬಾಡಿಗೆಯ ಮನೆಯ ಮುಂದೆ ತುಳಸಿಯ ಕುಂಡವೊಂದಿದೆ, ಅದಕ್ಕೂ ನೀರೆರೆಯುವವರು ಮನೆಯಾಕೆ. ಹೀಗಿದ್ದರೂ ಕೆಲವು ಕಾಲದಿಂದ ರಾತ್ರಿಯ ಊಟವಾದೊಡನೆ ನಾವು ನಮ್ಮ ಹನ್ನೆರಡು ವರ್ಷದ ಮಗಳೊಡನೆ ಕೂಡಿ ಬೇಸಾಯ ಮಾಡುತ್ತಿದ್ದೇವೆಂದರೆ ವಾಚಕರು ನಕ್ಕಾರು. ಈ ಬೇಸಾಯ ನಡೆಯುವುದು ಕಂಪ್ಯೂಟರಿನ ತೆರೆಯ ಮೇಲೆ. ಅದರಲ್ಲಿ ನಾವು ಗಳಿಸಿದುದೇನು, ಕಳೆದುಕೊಳ್ಳಲಿದ್ದುದೇನು ಎಂಬುದನ್ನು ತಿಳಿಸಲು ಈ ನಾಲ್ಕು ಮಾತು.

ಆಟದ ಹೆಸರು ಸ್ಟಾರ್‌ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬರೋನ್ ಎಂಬವರು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾವೊಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು ಸಿದ್ಧಪಡಿಸಿ, 2016ರ ಫೆಬ್ರವರಿಯಲ್ಲಿ ಇದನ್ನು ಹೊರತಂದರು. ಕಂಪೆನಿಯೊಂದರ ಮೇಜಿನ ಮುಂದೆ ಬೇಸತ್ತು ಕುಳಿತ ಗುಮಾಸ್ತನು, ತನ್ನ ಅಜ್ಜ ಸಾಯುವ ಮುನ್ನ ಕೊಟ್ಟಿದ್ದ ಮುದ್ರೆಯೊತ್ತಿದ ಕಾಗದವನ್ನು ಒಡೆದು ಓದಿ, ಅಜ್ಜನ ಪಾಳುಬಿದ್ದ ಹೊಲಕ್ಕೆ ಹೊರಟುಬರುವುದು ಕಥೆಯ ಆರಂಭ. ಅವನ ಕೈಯಲ್ಲಿರುವುದು 500 ನಾಣ್ಯ. ಅಲ್ಲಿ ನಾಲ್ಕೇ ಋತುಗಳು, ಋತುವಿಗೆ 28 ದಿನ. ಆಟದ ಹತ್ತು ನಿಮಿಷವೆಂದರೆ ನಮ್ಮ ಗಡಿಯಾರದ ಸುಮಾರು 7 ಸೆಕೆಂಡು. ಬೆಳಗಿನ 6ರಿಂದ ನಡುರಾತ್ರಿ ಕಳೆದು 2 ಗಂಟೆಯವರೆಗಿನ ಇಡೀ ದಿನ ನಮಗೆ ಸುಮಾರು 14 ನಿಮಿಷದಲ್ಲಿ ಮುಗಿದುಹೋಗುತ್ತದೆ. 2020ರ ಡಿಸೆಂಬರಿನಿಂದೀಚೆಗೆ ಒಂದೇ ತೆರೆಯನ್ನು ಪಾಲುಮಾಡಿಕೊಂಡು ಇಬ್ಬರು ಜೊತೆಗೂಡಿ ಆಡುವ ಅನುಕೂಲವೂ ಒದಗಿದೆ.

ಕಛೇರಿಯಲ್ಲಿ ಲೆಕ್ಕ ಬರೆದೇ ಜೀವಿಸುವ ನಮಗೆ ಇದು ಒಡನೆ ಹಿಡಿಸಿತು. ಒಂದು ನೋಟುಪುಸ್ತಕ ತೆರೆದೆವು. ಪಾರ್ಸ್‌ನಿಪ್ ಎಂಬ ಗೆಡ್ಡೆಯ ಬೀಜಕ್ಕೆ 20 ನಾಣ್ಯ. ನಾಲ್ಕು ದಿನದಲ್ಲಿ ಬೆಳೆದು 35ಕ್ಕೆ ಮಾರುತ್ತದೆ. ಹೂಕೋಸಿಗೆ 80 ಹಾಕಿದರೆ ಹನ್ನೆರಡು ದಿನಕ್ಕೆ 175. ಟ್ಯುಲಿಪ್ ಹೂವಿಗೆ 20 ಹಾಕಿ ಆರು ದಿನ ಕಾದರೆ ಬರುವುದು 30 ಮಾತ್ರ. ದಿನವೊಂದಕ್ಕೆ ಹೂಕೋಸಿನಿಂದ ಸುಮಾರು 8, ಗೆಡ್ಡೆಯಿಂದ ಸುಮಾರು 4, ಹೂವಿನಿಂದ 2ಕ್ಕೂ ಕಡಮೆ ಲಾಭವೆಂದು ಸಿದ್ಧವಾಯಿತು. ಹೀಗಿರಲು ಮಗಳು ಒಂದು ದಿನ ನಮ್ಮಿಬ್ಬರ ಹಣದ ಚೀಲದಿಂದ ತೆಗೆದು ಎರಡು ಸಾಲು ಟ್ಯುಲಿಪ್ ನೆಟ್ಟಳು. ನಾವು ನೋಟುಪುಸ್ತಕವನ್ನು ತೋರಿಸಿ ಗದರಿಸಿದೆವು. “ಆ ಅಜ್ಜಿಗೆ ಇಷ್ಟ, ಅಪ್ಪಾ” ಎಂದಷ್ಟೇ ಹೇಳಿ ಸುಮ್ಮನಾದಳು. ಆಟದ ಊರಿನಲ್ಲಿ ಎವೆಲಿನ್ ಎಂಬ ಮುದುಕಿಯೊಬ್ಬಳಿದ್ದಾಳೆ. ಮಗಳು ಹೇಳಿದುದು ಅವಳ ಮಾತು. ಮಳೆ ಬಂದ ದಿನ ಗಿಡಕ್ಕೆ ನೀರೆರೆಯುವ ಕೆಲಸವಿಲ್ಲ. ಅಂದು ಸಮುದ್ರದ ಕಡೆಗೆ ತಿರುಗಾಡಿ ಬರೋಣವೆಂದು ಅವಳು ಕರೆದರೆ, ಬಿಡುವಿನ ದಿನವನ್ನು ವ್ಯರ್ಥಮಾಡಬಾರದೆಂದು ನಾವು ಗಣಿಗೆ ಇಳಿಯುತ್ತಿದ್ದೆವು.

ಬೇಸಗೆಯ 28ನೆಯ ದಿನ ಬಂದಿತು. ಅಂದು ರಾತ್ರಿ 10 ಗಂಟೆಯ ಮೇಲೆ ಊರವರೆಲ್ಲ ಕಡಲ ದಂಡೆಯಲ್ಲಿ ನೆರೆದು, ದೀಪವಿಟ್ಟ ಪುಟ್ಟ ದೋಣಿಯೊಂದನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಆ ಬೆಳಕಿಗೆ ಮರುಳಾಗಿ ಲೋಳೆಮೀನುಗಳು ಗುಂಪುಗುಂಪಾಗಿ ಹೊಳೆಯುತ್ತ ಬರುತ್ತವೆ. ಮಗಳು ಆ ದಿನಕ್ಕಾಗಿ ವಾರದಿಂದ ಕಾದಿದ್ದಳು. ಜೊತೆಗೂಡಿ ಆಡುವಾಗ ಇಬ್ಬರೂ ಬಂದು ನಿಲ್ಲದೆ ಉತ್ಸವ ಮೊದಲಾಗುವುದಿಲ್ಲ. 12 ಗಂಟೆ ಹೊಡೆದರೆ ಮುಗಿದೇಹೋಯಿತು. ನಾವಾದರೋ ಗಣಿಯಲ್ಲಿದ್ದೆವು. ಐದೈದು ಅಂತಸ್ತಿಗೊಮ್ಮೆ ಅಲ್ಲಿ ಲಿಫ್ಟು ಸಿಗುತ್ತದೆ; ಇನ್ನೆರಡು ಅಂತಸ್ತು ಉಳಿದಿತ್ತು. ಮಗ್ಗುಲಲ್ಲೇ ಕುಳಿತವಳು “ಅಪ್ಪಾ, ಬನ್ನಿ” ಎಂದು ಮೂರು ಬಾರಿ ಕರೆದಳು. “ಇದೊಂದು ಆಗಲಿ” ಎಂದೆವು. ಹನ್ನೆರಡು ಹೊಡೆಯಿತು. ಅವಳು ಏನನ್ನೂ ಹೇಳದೆ ಎದ್ದು, “ನಿದ್ದೆ ಬರುತ್ತಿದೆ” ಎಂದು ಒಳಗೆ ಹೋದಳು. ಆಗ ನಮ್ಮ ಮನೆಯ ಗಡಿಯಾರದಲ್ಲಿ ಎಂಟೂಕಾಲು. ತೆರೆಯ ಅರ್ಧ ಭಾಗದಲ್ಲಿ ಅವಳ ಬೊಂಬೆ ಕಡಲ ದಾರಿಯಲ್ಲಿ ಒಂದೇ ನಿಂತಿತ್ತು.

ಆಟದ ಆ ಎರಡು ಗಂಟೆಗಳೆಂದರೆ ನಮ್ಮ ಕಾಲದಲ್ಲಿ 84 ಸೆಕೆಂಡು. ಅಷ್ಟನ್ನು ಕೊಡಲು ನಮ್ಮಿಂದಾಗಲಿಲ್ಲ. ಮುಂದೆ ನಾಲ್ಕು ದಿನ ಅವಳು ಆಟಕ್ಕೆ ಬರಲಿಲ್ಲ, ಪಾಠವಿದೆಯೆಂದಳು. ಐದನೆಯ ದಿನ ಮನೆಯಾಕೆ, “ನೀವು ಆರು ಗಂಟೆಗೆ ಕಛೇರಿಯಿಂದ ಮನೆಗೆ ಬರುತ್ತೀರೆಂದು ತಿಳಿದಿದ್ದೆ, ಇನ್ನೂ ಬಂದಂತೆ ಕಾಣೆ” ಎಂದರು. ಕಛೇರಿಯನ್ನು ಬಿಟ್ಟು ಬಂದ ಗುಮಾಸ್ತನ ಕಥೆಯನ್ನು ಆಡುತ್ತ, ನಾವು ಆ ಕಛೇರಿಯನ್ನೇ ಹೊಲಕ್ಕೆ ಹೊತ್ತುಕೊಂಡು ಹೋಗಿದ್ದೆವು.

ಲೆಕ್ಕವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸಾಲು ಹಿಡಿದು ಬಿತ್ತುವುದರಲ್ಲಿ, ಕಾಸಿಗೆ ಕಾಸು ಕೂಡಿಸುವುದರಲ್ಲಿ ನಿಜವಾದ ಸಂತೋಷವಿದೆ. ಒಬ್ಬರೇ ಆಡುವವರು ಹಾಗೆಯೇ ಆಡಿ ಸುಖಪಡಲಿ. ನಿಜವಾದ ರೈತನೂ ಲೆಕ್ಕವಿಲ್ಲದೆ ಬದುಕಲಾರನು. ಆದರೆ ಜೊತೆಗಾರರು ಇದ್ದಾಗ ಅವರ ಸಂತೋಷವೂ ಜಮೆಯ ಪುಟದಲ್ಲಿ ಬರಬೇಕಾದ ಬಾಬೇ ಸರಿ. ಆಟವನ್ನು ಮಾಡಿದವರು ಇದನ್ನು ಬಲ್ಲರು. ಮೂರನೆಯ ವರ್ಷದ ಮೊದಲಲ್ಲಿ ಅಜ್ಜನ ಆತ್ಮವು ಬಂದು ಮೊಮ್ಮಗನನ್ನು ಪರೀಕ್ಷಿಸುತ್ತದೆ. ಒಟ್ಟು 21 ಅಂಕ. 12 ಬಂದರೆ ನಾಲ್ಕು ದೀಪವೂ ಹೊತ್ತುತ್ತವೆ. ಹತ್ತು ಲಕ್ಷ ನಾಣ್ಯ ಗಳಿಸಿದರೂ ಹಣಕ್ಕೆ ದೊರೆಯುವುದು 7 ಅಂಕ ಮಾತ್ರ, ಅಂದರೆ ಎರಡೇ ದೀಪ. ಊರವರ ಸ್ನೇಹಕ್ಕೆ, ಮನೆ ಕಟ್ಟಿಕೊಂಡು ಸಂಸಾರ ನಡೆಸುವುದಕ್ಕೆ ಬೇರೆ ಅಂಕಗಳುಂಟು. ನಮ್ಮ ನೋಟುಪುಸ್ತಕದಲ್ಲಿ ನಷ್ಟವೆಂದು ಬರೆದಿದ್ದ ಟ್ಯುಲಿಪ್ಪು ಅಜ್ಜನ ಪುಸ್ತಕದಲ್ಲಿ ಜಮೆಯ ಕಡೆಗೆ ಬಿದ್ದಿತ್ತು!

ಈ ಪರೀಕ್ಷೆಯಲ್ಲಿ ಸೋತವರು ಅಜ್ಜನ ಗುಡಿಯಲ್ಲಿ ವಜ್ರವೊಂದನ್ನಿಟ್ಟು ಮತ್ತೊಮ್ಮೆ ಪರೀಕ್ಷಿಸೆಂದು ಬೇಡಬಹುದು. ಮಗಳ ಹನ್ನೆರಡನೆಯ ವರ್ಷಕ್ಕೆ ಅಂಥ ಏರ್ಪಾಡಿಲ್ಲ. ಆದುದರಿಂದ ಆ ರಾತ್ರಿಯೇ ಅವಳ ಕೋಣೆಗೆ ಹೋಗಿ, “ತಪ್ಪಾಯಿತಮ್ಮಾ, ನಾಳೆ ಬರುತ್ತೀಯಾ?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, “ಟ್ಯುಲಿಪ್ಪಿಗೆ ಬೈಯಬಾರದು” ಎಂದಳು. ಒಪ್ಪಿದೆವು.

ಆಟದ ಎರಡನೆಯ ಬೇಸಗೆಯ 28ನೆಯ ದಿನ ನಾವು ಗಣಿಗೆ ಹೋಗಲಿಲ್ಲ. ಹತ್ತು ಗಂಟೆಗೆ ಮುಂಚೆಯೇ ಕಡಲ ದಾರಿಗೆ ಹೋಗಿ ನಿಂತೆವು. ಈ ಸಲ ತಡಮಾಡಿದವಳು ಅವಳೇ. ಮರುದಿನ ಬೇಸಗೆಯ ಗಿಡಗಳೆಲ್ಲ ಒಣಗುವುವೆಂದು ಕೊನೆಯ ಬ್ಲೂಬೆರಿ ಕೊಯ್ಯುತ್ತಿದ್ದಳು. ಕರೆಯದೆ ಕಾದೆವು. ಸಮಯ ಮೀರುವ ಮುನ್ನ ಓಡಿಬಂದಳು. ದೀಪದ ದೋಣಿ ತೇಲಿತು. ಕತ್ತಲೆಯ ನೀರಿನಲ್ಲಿ ಒಂದೊಂದಾಗಿ ನೀಲಿಯ ಬೆಳಕು ಮೂಡಿತು. ಮನೆಯಾಕೆಯೂ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಮ್ಮ ಹಿಂದೆ ನಿಂತರು.

ಎಲ್ಲ ಮುಗಿದ ಮೇಲೆ ಮಗಳು, “ಅಪ್ಪಾ, ನಾಳೆ ಕುಂಬಳ ಹಾಕಬೇಕು. ಬೀಜಕ್ಕೆ 100, ಹದಿಮೂರು ದಿನಕ್ಕೆ 320. ನೀವು ಲೆಕ್ಕ ಹಾಕಿದಿರಾ?” ಎಂದಳು.

ನಾವು ಹಾಕಿರಲಿಲ್ಲ.