ಷೇರು ಬಿದ್ದ ವಾರ ಕುನ್ನತ್ತೂರಿನಲ್ಲಿ

ಮಂಗಳೂರಿನ ನಮ್ಮ ಅಂಗಡಿಗೆ ಟೀ ಶರ್ಟ್ ಬರುವುದು ತಿರುಪ್ಪೂರು ಜಿಲ್ಲೆಯ ಕುನ್ನತ್ತೂರಿನ ಒಂದು ಸಣ್ಣ ಹೊಲಿಗೆ ಘಟಕದಿಂದ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಉಡುಪುಗಳಿಗೆ ಶೇ. 50 ಹೆಚ್ಚುವರಿ ಸುಂಕ ಹಾಕಿದಾಗ ಕೊಯಮತ್ತೂರಿನ ಕೆಪಿಆರ್ ಮಿಲ್, ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಷೇರುಗಳು ಕುಸಿದವು. ಮೊಬೈಲಿನಲ್ಲಿ ಅದನ್ನು ನೋಡಿ, ಇನ್ನು ಮಾಲು ಅಗ್ಗ ಎಂದುಕೊಂಡು ಖುಷಿಯಲ್ಲೇ ಹೋದೆ.

ಘಟಕದಲ್ಲಿ ಅರ್ಧ ಯಂತ್ರಗಳಿಗೆ ಬಟ್ಟೆ ಹೊದಿಸಿತ್ತು. ದರ ಇಳಿಸಿ ಎಂದೆ. "ನೂಲಿನ ದರ ಮಿಲ್ಲಿನವರು ಹೇಳಿದ್ದೇ ಆಗುತ್ತದೆ. ಇಳಿಸುವುದಿದ್ದರೆ ಇವರ ಕೂಲಿಯಲ್ಲೇ ಇಳಿಸಬೇಕು," ಎಂದು ಮಾಲಕರು ಹೊಲಿಯುತ್ತಿದ್ದ ಹೆಂಗಸರ ಕಡೆ ನೋಡಿದರು.

ಷೇರು ಗಾಳಿಯ ದಿಕ್ಕು ಹೇಳುತ್ತದೆ. ಯಾರ ಮನೆಯ ಹಂಚು ಹಾರಿತೆಂದು ಹೇಳುವುದಿಲ್ಲ. ಹಳೆಯ ದರಕ್ಕೇ ಆರ್ಡರ್ ಕೊಟ್ಟು ಬಂದೆ. ಲಾಭ ಕಡಿಮೆಯಾದರೂ ಬರ್ಕತ್ ಇರಲಿ.