ದೂರ ಅಷ್ಟೇ ಇದೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದರೆ ಮೊಬೈಲು ತಟ್ಟನೆ ಹೇಳುತ್ತದೆ: ಸುಮಾರು 14,000 ಕಿ.ಮೀ. 1980ರ ದಶಕದ ಕೊನೆಗೆ ನಾನು ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ಕೂತಿದ್ದಾಗ ಕಿಲೋಮೀಟರಿನ ಲೆಕ್ಕ ಯಾರಿಗೂ ಬೇಕಿರಲಿಲ್ಲ. ‘ಎಷ್ಟು ಕಡೆ ಇಳಿದು ಹತ್ತಬೇಕು ಸಾರ್?’ ಎಂದಷ್ಟೇ ಕೇಳುತ್ತಿದ್ದರು.

ಆಗ ಬೆಂಗಳೂರಿಗರ ಅಮೆರಿಕ ಪ್ರಯಾಣ ಹೆಚ್ಚಾಗಿ ಶುರುವಾಗುತ್ತಿದ್ದದ್ದು ಬಾಂಬೆಯಿಂದ. ಕೈ ಸಡಿಲವಿದ್ದವರು ಎಚ್‌ಎಎಲ್ ನಿಲ್ದಾಣದಿಂದ ವಿಮಾನದಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಉಳಿದವರಿಗೆ ಉದ್ಯಾನ್ ಎಕ್ಸ್‌ಪ್ರೆಸ್, ಮಾಟುಂಗದಲ್ಲೋ ಚೆಂಬೂರಿನಲ್ಲೋ ನೆಂಟರ ಮನೆ, ಅಲ್ಲಿಂದ ಟ್ಯಾಕ್ಸಿಯಲ್ಲಿ ಸಹಾರ್ ವಿಮಾನ ನಿಲ್ದಾಣ. ನಡುರಾತ್ರಿಯ ವಿಮಾನ ಹತ್ತಿದರೆ ಲಂಡನ್ ಅಥವಾ ಫ್ರಾಂಕ್‌ಫರ್ಟ್, ಆಮೇಲೆ ನ್ಯೂಯಾರ್ಕ್, ಮತ್ತೊಂದು ವಿಮಾನ ಬದಲಿಸಿ ಪಶ್ಚಿಮ ಕರಾವಳಿ. ಟಿಕೆಟ್ ಎಂದರೆ ಕಾರ್ಬನ್ ಪ್ರತಿಗಳ ಪುಟ್ಟ ಪುಸ್ತಕ. ಒಂದೊಂದು ಹಾರಾಟಕ್ಕೆ ಒಂದೊಂದು ಕೂಪನ್. ಇದನ್ನೆಲ್ಲ ಈಗ ಕೆಲವರು ಸಾಹಸವೆಂದು ನೆನೆಯುತ್ತಾರೆ. ಊದಿದ ಕಾಲು ಚಾಚಿಕೊಂಡು, ಸೂಟ್‌ಕೇಸು ಕಾಯುತ್ತ ಬೆಂಚಿನ ಮೇಲೆ ರಾತ್ರಿ ಕಳೆಯುವುದರಲ್ಲಿ ಸಾಹಸವೇನಿದೆ?

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯಿತು. ವಾರ ಕಳೆದು, ಜೂನ್ 1ಕ್ಕೆ, ಏಜೆಂಟರು ಕಾಗದದ ಟಿಕೆಟ್ ಬರೆಯುವ ಕಾಲವೂ ಮುಗಿಯಿತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಎಲ್ಲೂ ಇಳಿಸದೆ ಬೆಂಗಳೂರಿಗೆ ತಂದಿತು. ಹಿಡಿದದ್ದು ಸುಮಾರು 17 ಗಂಟೆ.

ಹಾಗೆಂದು ವಿಮಾನ ವೇಗ ಕಲಿತಿಲ್ಲ. ಅಂದಿನ 747 ಗಂಟೆಗೆ 900 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತಿತ್ತು, ಇಂದಿನವೂ ಅಷ್ಟೇ. ಒಂದೇ ಉಸಿರಿಗೆ ಹಾರುವ ದೂರ ಹೆಚ್ಚಿದೆ, ನೆಲದ ಮೇಲೆ ಪೋಲಾಗುತ್ತಿದ್ದ ಹೊತ್ತು ಕಡಿಮೆಯಾಗಿದೆ.

ಅತಿ ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಎಂದೂ ಇಲ್ಲ. ಭೂಗೋಳದ ಮೇಲೆ ದಾರ ಎಳೆದು ಹಿಡಿದರೆ ಈ ಎರಡು ಊರುಗಳ ನಡುವಿನ ನೇರ ದಾರಿ ಸೈಬೀರಿಯದ ಮೇಲೆ ಹೋಗುತ್ತದೆ. ಆದರೆ ಪಡುವಣದಿಂದ ಮೂಡಣಕ್ಕೆ ಬೀಸುವ ಎತ್ತರದ ಗಾಳಿ ಹಿಂದಿನಿಂದ ನೂಕುವುದಾದರೆ ಪೆಸಿಫಿಕ್ ಮೇಲಿನ ಬಳಸುದಾರಿಯೇ ಲಾಭ. ಇನ್ನು ಆಕಾಶಕ್ಕೂ ಬಾಗಿಲುಗಳಿವೆ. 2022ರಲ್ಲಿ ರಷ್ಯಾ ತನ್ನದನ್ನು ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟವು ಸುತ್ತು ಬಳಸಬೇಕಾಯಿತು.

ಹಾಗಾಗಿ ಟಿಕೆಟ್ ಕೊಳ್ಳುವಾಗ ಹಾರಾಟದ ಗಂಟೆಯನ್ನಷ್ಟೇ ನೋಡಬೇಡಿ. ಜಯನಗರದಿಂದ ದೇವನಹಳ್ಳಿಯ ಟ್ರಾಫಿಕ್, ಮೂರು ಗಂಟೆ ಮುಂಚಿನ ಚೆಕ್‌-ಇನ್, ನಡುವಿನ ನಿಲ್ದಾಣದ ಕಾಯುವಿಕೆ ಎಲ್ಲ ಕೂಡಿಸಿ. ವಿಮಾನ ಬದಲಿಸುವುದಿದ್ದರೆ ಪೂರ್ತಿ ಪ್ರಯಾಣ ಒಂದೇ ಬುಕಿಂಗ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಆಗ ಕಂಪನಿಯದು. ಬೇರೆ ಬೇರೆ ಕೊಂಡಿದ್ದರೆ ಖರ್ಚು ನಿಮ್ಮದೇ.