ಜೋ ಭಾವ ಲಂಡನ್ನಿಗೆ ಬಂದಾಗ

ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ 27ನೇ ಅಧ್ಯಾಯ ಓದುವಾಗ ತರಗತಿ ಮೊದಲು ನಗುತ್ತದೆ. ಕಮ್ಮಾರ ಜೋ ಗಾರ್ಜರಿ ತಾನು ಎತ್ತಿ ಆಡಿಸಿದ ಹುಡುಗ ಪಿಪ್‌ನನ್ನು ನೋಡಲು ಹಳ್ಳಿಯಿಂದ ಲಂಡನ್ನಿಗೆ ಬಂದಿದ್ದಾನೆ. ಮೈಗೆ ಒಗ್ಗದ ಭಾನುವಾರದ ಬಟ್ಟೆ ತೊಟ್ಟಿದ್ದಾನೆ. ಕೈಯಲ್ಲಿರುವ ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಯ ತುದಿಯಲ್ಲಿಡುತ್ತಾನೆ. ಅದು ಬೀಳುತ್ತದೆ. ಹಾರಿ ಹಿಡಿಯುತ್ತಾನೆ, ಮತ್ತೆ ಅಲ್ಲೇ ಇಡುತ್ತಾನೆ, ಮತ್ತೆ ಬೀಳುತ್ತದೆ. ಹುಡುಗರು ಬೆಂಚು ಬಡಿದು ನಗುತ್ತಾರೆ. ಜೋ ಮಾತಿನ ನಡುವೆ ಪಿಪ್‌ನನ್ನು ‘ಸರ್’ ಎಂದು ಕರೆಯಲು ಶುರುಮಾಡಿದಾಗ ಆ ನಗು ನಿಲ್ಲುತ್ತದೆ.

ನಾನು ಪಾಠ ಹೇಳುವುದು ತಾಲ್ಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜಿನಲ್ಲಿ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರಿಗೆ ಪಿಪ್‌ನ ಕಥೆಯನ್ನು ಬಿಡಿಸಿ ಹೇಳಬೇಕಾದ್ದು ತೀರ ಕಡಿಮೆ. ಕೆಂಟ್ ಸೀಮೆಯ ಜೌಗುನೆಲದಲ್ಲಿ ಅಪ್ಪ ಅಮ್ಮ ಇಲ್ಲದ ಹುಡುಗ. ಅಕ್ಕನ ಏಟು, ಅಕ್ಕನ ಗಂಡನ ಅಕ್ಕರೆ, ಇವೆರಡರ ನಡುವೆ ಬೆಳೆಯುತ್ತಾನೆ. ಹೆಸರು ತಿಳಿಸದ ಯಾರೋ ದುಡ್ಡು ಕೊಟ್ಟು ಅವನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಲು ಲಂಡನ್ನಿಗೆ ಕರೆಸುತ್ತಾರೆ. ಅಕ್ಕನ ಗಂಡ ಅಂದಮೇಲೆ ಭಾವ ತಾನೆ? ಎರಡನೇ ವಾರದ ಹೊತ್ತಿಗೆ ನಮ್ಮ ತರಗತಿಯಲ್ಲಿ ಅವನು ‘ಜೋ ಭಾವ’ ಆಗಿಬಿಟ್ಟಿರುತ್ತಾನೆ.

ಕಾದಂಬರಿಯನ್ನು ನಾನು ಕಂತುಗಳಲ್ಲೇ ಓದಿಸುತ್ತೇನೆ. ಅದು ಹುಟ್ಟಿದ್ದೂ ಹಾಗೆಯೇ. ಡಿಕನ್ಸ್ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯ ಮಾರಾಟ ಚಾರ್ಲ್ಸ್ ಲೀವರ್‌ನ ಧಾರಾವಾಹಿಯಿಂದಾಗಿ ಇಳಿಯತೊಡಗಿತ್ತು. ಪತ್ರಿಕೆಯನ್ನು ಎತ್ತಿ ನಿಲ್ಲಿಸಲು ಡಿಕನ್ಸ್ ತಾನೇ ಕೂತು ಬರೆದ. 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ 36 ಕಂತುಗಳಲ್ಲಿ ಅದು ಬಂತು. ‘ಸುಧಾ’, ‘ತರಂಗ’ಗಳ ಧಾರಾವಾಹಿಗೆ ವಾರವಿಡೀ ಕಾದ ಅಜ್ಜಿಯರ ಮೊಮ್ಮಕ್ಕಳಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ದುಡ್ಡು ಕೊಟ್ಟವರು ಯಾರು ಎಂಬ ಗುಟ್ಟು 39ನೇ ಅಧ್ಯಾಯದವರೆಗೆ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಇಡೀ ತರಗತಿ ಪಿಪ್‌ನನ್ನು ಮನೆಗೆ ಕರೆಸಿಕೊಳ್ಳುತ್ತಿದ್ದ ಶ್ರೀಮಂತೆ ಮಿಸ್ ಹ್ಯಾವಿಶ್ಯಾಮಳ ಮೇಲೆಯೇ ಪಣ ಕಟ್ಟಿರುತ್ತದೆ. ಆಸ್ಟ್ರೇಲಿಯಾದಿಂದ ಕೈದಿ ಮ್ಯಾಗ್ವಿಚ್ ಕತ್ತಲಲ್ಲಿ ಮೆಟ್ಟಿಲು ಹತ್ತಿ ಬರುವ ಆ ರಾತ್ರಿಯನ್ನು ಒಂದೇ ಗುಟುಕಿಗೆ ಓದಿದವರಿಗಿಂತ, ವಾರಗಟ್ಟಲೆ ಕಾದು ಓದಿದವರು ಜೋರಾಗಿ ಬೆಚ್ಚುತ್ತಾರೆ.

ಮಿಸ್ ಹ್ಯಾವಿಶ್ಯಾಮಳ ಬಗ್ಗೆ ಹುಡುಗಿಯರು ಎತ್ತುವ ಪ್ರಶ್ನೆಗಳು ಯಾವ ಗೈಡಿನಲ್ಲೂ ಸಿಗುವುದಿಲ್ಲ. ಮದುವೆಯ ದಿನ ವರ ಕೈಕೊಟ್ಟ ಗಳಿಗೆಗೆ, ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ, ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿ ಅದೇ ಮದುವೆ ಬಟ್ಟೆಯಲ್ಲಿ ಮುದಿಯಾದ ಹೆಂಗಸು ಅವಳು. “ಅಪ್ಪನ ಬಿಯರ್ ಫ್ಯಾಕ್ಟರಿ ಇತ್ತಲ್ಲ ಮೇಡಂ, ಅದನ್ಯಾಕೆ ನಡೆಸಲಿಲ್ಲ?” ಎಂದು ಒಬ್ಬಳು ಕೇಳಿದಳು. ಹ್ಯಾವಿಶ್ಯಾಮಳ ಸಾಕುಮಗಳು ಎಸ್ಟೆಲಾಳ ಬಗ್ಗೆ ಇನ್ನೊಬ್ಬಳು ಹೇಳಿದ್ದು ಮೂರೇ ಮಾತು: “ಅವಳನ್ನ ಯಾರೂ ಕೇಳ್ಲಿಲ್ಲ.” ತನ್ನ ಸೇಡು ತೀರಿಸಿಕೊಳ್ಳಲು ಒಬ್ಬಳು ಇನ್ನೊಬ್ಬಳನ್ನು ಕಲ್ಲಾಗಿ ಬೆಳೆಸಿದ ಈ ಕಥೆಗೆ ಅದಕ್ಕಿಂತ ಬಿಗಿಯಾದ ವ್ಯಾಖ್ಯಾನವನ್ನು ನಾನು ಓದಿಲ್ಲ.

ಆದರೆ ತರಗತಿ ತಿರುಗಿ ತಿರುಗಿ ಬರುವುದು ಜೋ ಇದ್ದಲ್ಲಿಗೆ. ಮೊದಲ ದಿನ ಎಲ್ಲರೂ ಪಿಪ್‌ನ ಮೇಲೆ ಬೀಳುತ್ತಾರೆ. ಸಾಕಿದವರನ್ನೇ ಕಂಡು ನಾಚುವವನು ಎಂಥ ಮನುಷ್ಯ ಎಂದು ಬೈಯುತ್ತಾರೆ. ಮಾರನೆಯ ದಿನ ದನಿ ತಗ್ಗಿರುತ್ತದೆ. “ದುಡ್ಡು ಕೊಟ್ಟಾದ್ರೂ ಅವರು ಬರೋದನ್ನ ತಪ್ಪಿಸ್ತಿದ್ದೆ ಅಂತ ಅವನೇ ಬರ್ಕೊಂಡಿದ್ದಾನಲ್ಲ ಮೇಡಂ, ಯಾರು ಬರೀತಾರೆ ಹಂಗೆ?” ಎಂದಳು ಒಬ್ಬ ಹುಡುಗಿ. ಇಡೀ ಕಾದಂಬರಿಯ ಜೀವಾಳ ಅಲ್ಲಿದೆ. ನಾಚಿಕೊಂಡವನು ಹುಡುಗ ಪಿಪ್. ಆ ನಾಚಿಕೆಯನ್ನು ಒಂದೆಳೆಯೂ ಮುಚ್ಚದೆ ಬರೆದಿಟ್ಟವನು ವಯಸ್ಸಾದ ಪಿಪ್. ಬರೆಯುವವನ ಕಡೆ ನಿಂತು ಓದಿದ್ದಕ್ಕೆ ಆ ಹುಡುಗಿಗೆ ಇಬ್ಬರೂ ಬೇರೆಬೇರೆಯಾಗಿ ಕಂಡರು.

ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ, ಸಾಮಾನ್ಯವಾಗಿ ಬಾಯೇ ಬಿಡದವನು, ಎದ್ದು ನಿಂತ. “ನಮ್ಮಪ್ಪ ಫೀಸಿನ ದುಡ್ಡು ಕೊಡೋಕೆ ಬಂದ್ರೆ ಕಾಲೇಜಿಗೆ ಬರಲ್ಲ ಮೇಡಂ. ಬಸ್‌ಸ್ಟ್ಯಾಂಡಲ್ಲೇ ನಿಂತು ಫೋನ್ ಮಾಡ್ತಾರೆ. ನಾನು ಬರಬೇಡಿ ಅಂದಿಲ್ಲ, ಅವರೇ ಬರಲ್ಲ.” ಕೂತವನು ಮತ್ತೆ ತಲೆಯೆತ್ತಿ ಸೇರಿಸಿದ: “ಬನ್ನಿ ಅಂತಾನೂ ಅಂದಿಲ್ಲ.” ಯಾರೂ ಅವನತ್ತ ತಿರುಗಿ ನೋಡಲಿಲ್ಲ. ಆ ವಯಸ್ಸಿನವರಲ್ಲಿ ಅಷ್ಟು ನಾಜೂಕು ಇರುವುದನ್ನು ಕಂಡರೆ ಪಾಠ ಹೇಳುವ ಕೆಲಸದ ಮೇಲೆ ಪ್ರೀತಿ ಹೆಚ್ಚುತ್ತದೆ.

ಹೊರಡುವ ಮುಂಚೆ ಜೋ ಹೇಳುವ ಮಾತು ಇದಕ್ಕೆ ಕೂಡಿಕೊಳ್ಳುತ್ತದೆ. ಈ ಬಟ್ಟೆಯಲ್ಲಿ ನಾನು ಸರಿಹೊಂದುವುದಿಲ್ಲ, ಲಂಡನ್ನಿನಲ್ಲಿ ನಾವಿಬ್ಬರೂ ಕೂಡಿ ಇರತಕ್ಕವರಲ್ಲ, ನನ್ನನ್ನು ನೋಡಬೇಕೆನಿಸಿದರೆ ಕುಲುಮೆಯ ಕಿಟಕಿಯಲ್ಲಿ ಇಣುಕಿ ನೋಡು, ಹಳೇ ಅಡಿಗಲ್ಲಿನ ಮುಂದೆ ಕಮ್ಮಾರ ಜೋ ಸಿಗುತ್ತಾನೆ ಎಂಬ ಅರ್ಥದ ಮಾತು. ಗೈಡುಗಳು ಇದನ್ನು ಜೋನ ವಿನಯ ಎಂದು ಬರೆದು ಮುಂದೆ ಹೋಗುತ್ತವೆ. ಕಮ್ಮಾರರ ಮನೆಯ ಹುಡುಗಿಯೊಬ್ಬಳು ಒಪ್ಪಲಿಲ್ಲ. “ಕುಲುಮೆ ಮುಂದೆ ನಮ್ಮ ತಾತನ್ನ ನೋಡ್ಬೇಕಿತ್ತು ನೀವು. ಸುತ್ತಿಗೆ ಕೆಳಗಿಟ್ಟು ಮಾತಾಡಿಸಿದ್ರೆ ಗೌಡ್ರೂ ನಿಂತೇ ಉತ್ತರ ಕೊಡೋರು. ಅದೇ ತಾತ ಮದುವೆ ಮನೇಲಿ ಮೂಲೆ ಹಿಡಿದು ಕೂತಿರೋರು. ಜೋ ಹೇಳ್ತಿರೋದು, ನನ್ನ ನೋಡೋದಾದ್ರೆ ನನ್ನ ಜಾಗದಲ್ಲಿ ನೋಡು ಅಂತ.” ನಾನು ಆ ಹುಡುಗಿಯ ಪಕ್ಷ. ಜೋ ಕುಗ್ಗಿ ಹೋಗುತ್ತಿಲ್ಲ. ತನ್ನ ಗೌರವ ಎಲ್ಲಿದೆಯೆಂದು ಬಲ್ಲವನಾಗಿ, ಮುಂದಿನ ಭೇಟಿ ಎಲ್ಲಿ ಆಗಬೇಕೆಂದು ಗೊತ್ತುಮಾಡಿ ಹೋಗುತ್ತಾನೆ.

ಡಿಕನ್ಸ್‌ಗೆ ಈ ನಾಚಿಕೆ ಪುಸ್ತಕದಿಂದ ಬಂದದ್ದಲ್ಲ. 1824ರಲ್ಲಿ ಅಪ್ಪ ಜಾನ್ ಡಿಕನ್ಸ್ ಸಾಲ ತೀರಿಸಲಾಗದೆ ಮಾರ್ಷಲ್‌ಸೀ ಸೆರೆಮನೆ ಸೇರಿದ. 12 ವರ್ಷದ ಚಾರ್ಲ್ಸ್ ಥೇಮ್ಸ್ ನದಿಯ ದಡದ ಬೂಟುಪಾಲಿಷ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋದ. ವಾರಕ್ಕೆ 6 ಶಿಲಿಂಗ್ ಕೂಲಿ. ಪ್ರಪಂಚವೇ ಹೆಸರು ಬಲ್ಲ ಲೇಖಕನಾದ ಮೇಲೂ ಅದನ್ನು ಗೆಳೆಯ ಜಾನ್ ಫಾರ್ಸ್ಟರ್‌ನಂಥವರಿಗೆ ಬಿಟ್ಟು ಬಾಯಿಬಿಡಲಿಲ್ಲ. ಡಿಕನ್ಸ್ 1870ರಲ್ಲಿ ತೀರಿಕೊಂಡ. ಫಾರ್ಸ್ಟರ್ ಬರೆದ ಜೀವನಚರಿತ್ರೆ 1872ರಿಂದ ಹೊರಬರತೊಡಗಿದ ಮೇಲೆಯೇ ಓದುಗರಿಗೆ ಇದು ತಿಳಿದದ್ದು. ಕೆಲಸ ಬಿಡಿಸಿದ ಮೇಲೆ ಮತ್ತೆ ಅಲ್ಲಿಗೇ ಕಳಿಸೋಣ ಎಂದ ಅಮ್ಮನನ್ನು ಅವನು ಕೊನೆಯವರೆಗೂ ಮನಸ್ಸಿನಿಂದ ಕ್ಷಮಿಸಲಿಲ್ಲ. ಈ ಸಂಗತಿ ಹೇಳಿದಾಗ ಹುಡುಗರು ಡಿಕನ್ಸ್ ಕಡೆ, ಹುಡುಗಿಯರು ಅಮ್ಮನ ಕಡೆ ಆದರು. ಗಂಡನಿಗೆ ಸಾಲ, ಮನೆ ತುಂಬ ಸಣ್ಣ ಮಕ್ಕಳು, 6 ಶಿಲಿಂಗ್ ಬಿಡು ಎಂದರೆ ಆಕೆ ಹೇಗೆ ಬಿಡಬೇಕು ಎಂಬುದು ಅವರ ವಾದ. ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗಿ ಮನೆ ತೂಗಿಸುವುದನ್ನು ನೋಡಿ ಬೆಳೆದವರ ವಾದ ಅದು. ಡಿಕನ್ಸ್‌ನ ನೋವು ನಿಜ, ಆದರೂ ಎಲಿಜಬೆತ್ ಡಿಕನ್ಸ್‌ಗೆ ಇಂಥ ವಕೀಲರು ಸಿಗಬೇಕಾಗಿತ್ತು.

ಆ 6 ಶಿಲಿಂಗ್ ಕೊನೆಗೆ ಬೇರೊಂದು ಕಡೆ ಕೆಲಸಕ್ಕೆ ಬಂತು. ಪಿಪ್ ಎಲ್ಲವನ್ನೂ ಕಳೆದುಕೊಂಡು ಜ್ವರದಲ್ಲಿ ಮಲಗಿದಾಗ ಜೋ ಮತ್ತೆ ಲಂಡನ್ನಿಗೆ ಬರುತ್ತಾನೆ, ಆರೈಕೆ ಮಾಡುತ್ತಾನೆ. ಹುಡುಗ ಚೇತರಿಸಿಕೊಂಡಷ್ಟೂ ತಾನು ದೂರ ಸರಿದು, ಒಂದು ಬೆಳಿಗ್ಗೆ ಚೀಟಿ ಬರೆದಿಟ್ಟು ಹೊರಟುಬಿಡುತ್ತಾನೆ. ಮೊದಲು ‘ಜೆ’, ‘ಒ’ ಎರಡೇ ಅಕ್ಷರ ಗುರುತಿಸುತ್ತಿದ್ದವನಿಗೆ ಈಗ ಬರೆಯಲು ಬರುತ್ತದೆ. ಕಲಿಸಿದವಳು ಬಿಡಿ ಎಂಬ ಹಳ್ಳಿಯ ಹುಡುಗಿ. ಚೀಟಿಯ ಜೊತೆಗೆ ಪಿಪ್‌ನ ಸಾಲ ತೀರಿಸಿದ ರಸೀದಿ ಇರುತ್ತದೆ. ಸಾಲ 123 ಪೌಂಡು, 15 ಶಿಲಿಂಗ್, 6 ಪೆನ್ಸ್. ಪೌಂಡಿಗೆ 20 ಶಿಲಿಂಗ್ ಎಂದು ಹೇಳಿದ್ದೇ ತಡ, ಒಬ್ಬ ಫೋನಿನಲ್ಲಿ ಲೆಕ್ಕ ಹಾಕಿದ: ಬಾಲಕ ಡಿಕನ್ಸ್‌ನ ಕೂಲಿಯ ದರದಲ್ಲಿ ಅದು ಸುಮಾರು ಎಂಟು ವರ್ಷದ ದುಡಿಮೆ. ಹಳ್ಳಿಯ ಕಮ್ಮಾರ ಅಷ್ಟನ್ನು ಎಲ್ಲಿಂದ ತಂದ ಎಂದು ಡಿಕನ್ಸ್ ಹೇಳುವುದಿಲ್ಲ. ನಮ್ಮ ಹುಡುಗರು ಬಿಡಬೇಕಲ್ಲ. ಕೂಡಿಟ್ಟದ್ದು ಎಂದರು ಕೆಲವರು. ಬಡ್ಡಿಗೆ ತಂದಿರಬೇಕು ಎಂದರು ಉಳಿದವರು, ಬಡ್ಡಿಯ ದರವನ್ನೂ ಹೇಳಿ.

ಕಾದಂಬರಿಗೆ ಎರಡು ಮುಕ್ತಾಯಗಳಿವೆ. ಮೊದಲು ಬರೆದದ್ದರಲ್ಲಿ ಪಿಪ್ ಮತ್ತು ಎಸ್ಟೆಲಾ ಲಂಡನ್ನಿನ ಬೀದಿಯಲ್ಲಿ ಕ್ಷಣಕಾಲ ಭೇಟಿಯಾಗಿ ಬೇರೆಯಾಗುತ್ತಾರೆ. ಗೆಳೆಯ ಬುಲ್ವರ್ ಲಿಟ್ಟನ್ ಒತ್ತಾಯಿಸಿದ ಮೇಲೆ ಡಿಕನ್ಸ್ ಅದನ್ನು ತಿದ್ದಿ, ಇಬ್ಬರೂ ಕೈಹಿಡಿದು ನಡೆಯುವಂತೆ ಬರೆದ. ಹಳೆಯದನ್ನು ಅಚ್ಚಿಗೆ ತಂದವನೂ ಫಾರ್ಸ್ಟರನೇ, 1874ರಲ್ಲಿ. ಯಾವುದು ಸರಿ ಎಂಬ ಚರ್ಚೆ ವಿಮರ್ಶಕರಲ್ಲಿ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ಬೇಗ ಮುಗಿಯಿತು. ಹಿಂಸೆ ಕೊಟ್ಟ ಗಂಡನ ಕೈಯಿಂದ ಬಿಡುಗಡೆಯಾದ ಎಸ್ಟೆಲಾಳನ್ನು ಮತ್ತೆ ಯಾರಿಗೋ ಗಂಟುಹಾಕುವ ಆತುರ ಹುಡುಗಿಯರಲ್ಲಿ ಒಬ್ಬರಿಗೂ ಇರಲಿಲ್ಲ.

ಅವರ ಕುತೂಹಲವೆಲ್ಲ ಜೋ ಮತ್ತು ಬಿಡಿಯ ಮಗುವಿನ ಮೇಲಿತ್ತು. ಅಕ್ಕ ತೀರಿಕೊಂಡ ಮೇಲೆ ಜೋ ಬಿಡಿಯನ್ನು ಮದುವೆಯಾಗುತ್ತಾನೆ, ಮಗನಿಗೆ ಪಿಪ್ ಎಂದೇ ಹೆಸರಿಡುತ್ತಾರೆ. ಬೆಂಕಿಯ ಪಕ್ಕ ಪುಟ್ಟ ಮಣೆಯ ಮೇಲೆ ಕೂತಿರುವ ಆ ಮಗು ಶಾಲೆಗೆ ಹೋಗುತ್ತದೋ ಕುಲುಮೆಗೆ ಕೂರುತ್ತದೋ? ಅಮ್ಮ ಟೀಚರ್, ಓದಿಸದೆ ಬಿಡುತ್ತಾಳಾ ಎಂದರು ಕೆಲವರು. ಓದಿ ಲಂಡನ್ನಿಗೆ ಹೋದರೆ ಮತ್ತೆ ಅದೇ ಕಥೆ ಎಂದರು ಕೆಲವರು. ಕಮ್ಮಾರರ ಮನೆಯ ಹುಡುಗಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. “ಎರಡೂ ಮಾಡ್ತಾನೆ. ಬೆಳಿಗ್ಗೆ ಸ್ಕೂಲು, ಸಾಯಂಕಾಲ ತಿದಿ ಒತ್ತೋದು. ನಮ್ಮಪ್ಪ ಹತ್ತನೇ ಕ್ಲಾಸ್‌ವರೆಗೂ ಹಂಗೇ ಓದಿದ್ದು” ಎಂದಳು.